ಬಿರುಗಾಳಿಗೆ ಬಿದ್ದ ಹಿರಿಯ ಮರ: ಮರುನಾಟಿಗೆ ಮುನ್ನ

ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಎನ್ನುತ್ತಾರೆ. ಹರಹು ಸುಮಾರು 3 ಎಕರೆ. ಮೂಲ ಕಾಂಡ ರೋಗ ತಗುಲಿ ಎಂದೋ ಸತ್ತಿದೆ. ಈಗ ನಿಂತಿರುವುದೆಲ್ಲ ಬಿಳಲುಗಳೇ ಕಾಂಡವಾದವು. 2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿದು, ಜೂನ್ ತಿಂಗಳ 133 ವರ್ಷಗಳ ದಾಖಲೆ ಮುರಿಯಿತು. ಆ ಗಾಳಿಮಳೆಗೆ ಈ ಆಲದ ಒಂದು ಭಾಗವೂ ಉರುಳಿತು.

ಇಂಥ ಹೊತ್ತಿನಲ್ಲಿ ಕೊಡಲಿ, ಗರಗಸ ಮೊದಲು ಬರುತ್ತವೆ. ಬರಬಾರದು. ಕೋಲ್ಕತ್ತ ಬಳಿ ಹೌರಾದ ಸಸ್ಯೋದ್ಯಾನಕ್ಕೆ 1864 ಮತ್ತು 1867ರಲ್ಲಿ ಚಂಡಮಾರುತ ಬಡಿದು ಅಪಾರ ಮರಗಳು ನಾಶವಾದವು. ಅಲ್ಲಿನ ಮಹಾ ಆಲಕ್ಕೂ ಪೆಟ್ಟಾಯಿತು. ಗಾಯದಲ್ಲಿ ಅಣಬೆ ರೋಗ ಸೇರಿ 1925ರಲ್ಲಿ ಮೂಲ ಕಾಂಡವನ್ನೇ ತೆಗೆಯಬೇಕಾಯಿತು. ಆದರೂ ಬಿಳಲುಗಳ ಮೇಲೆ ಮರ ಇಂದಿಗೂ ಬದುಕಿದೆ. ಎಳೆ ಬಿಳಲನ್ನು ಬಿದಿರಿನೊಳಗಿಂದ ನೆಲಕ್ಕೆ ಇಳಿಸಿದರೆ ದನಕರು, ಜನರ ಕೈಗೆ ಸಿಗದೆ ಬೇರೂರುತ್ತದೆ. ಮುರಿದ ದಪ್ಪ ಟೊಂಗೆಯನ್ನು ನೆಟ್ಟರೂ ಆಲ ಚಿಗುರುತ್ತದೆ. ಸಸಿಗಿಂತ ಇದು ಮೇಲು: ಹಳೆಯ ಮರದ ತಳಿಯೇ ಉಳಿಯುತ್ತದೆ.

ಬೇವು, ಹುಣಸೆಗೆ ಈ ಅನುಕೂಲವಿಲ್ಲ. ಬುಡಸಹಿತ ಬಿದ್ದರೆ ಬೀಜದ ಸಸಿಯೇ ಗತಿ. ಮೊದಲು ಮಣ್ಣು ನೋಡಬೇಕು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ 1987ರ ಬಿರುಗಾಳಿ ಸುಮಾರು 700 ಮರ ಕೆಡವಿತು. ಆದರೆ ಸೊರಗಿದ್ದ ಒಂದು ಓಕ್ ಮರ ಬೇರುಸಹಿತ ಮೇಲೆದ್ದು ಮತ್ತೆ ಕುಳಿತು, ಕೆಲ ವರ್ಷಗಳಲ್ಲಿ ಹುಲುಸಾಯಿತು. ಜನರ ತುಳಿತಕ್ಕೆ ಬಿಗಿದಿದ್ದ ಮಣ್ಣು ಸಡಿಲವಾದದ್ದೇ ಕಾರಣ. ಜಾತ್ರೆ ನೆರೆಯುವ ನಮ್ಮ ಕಟ್ಟೆಗಳ ಸ್ಥಿತಿ ಬೇರೆಯೇನಲ್ಲ. ಮೇಲೆ ಸಿಮೆಂಟು ಬೇರೆ!

ಉದಗೀರ ಕೋಟೆ, ನಿಲಂಗಾದ ನೀಲಕಂಠೇಶ್ವರ ಗುಡಿ, ಉಮರಗಾದ ಹಳೆಯ ಮಹಾದೇವ ಗುಡಿಯಂಥ ಕಡೆ ಇನ್ನೊಂದು ಎಚ್ಚರ ಬೇಕು. ಆಲ, ಅರಳಿಯ ಬೇರು ಕಲ್ಲಿನ ಸಂದಿಗೆ ಹೊಕ್ಕರೆ ಗೋಡೆಯೇ ಬಿರಿಯುತ್ತದೆ. ಅವನ್ನು ಬಯಲಿನಲ್ಲೇ ನೆಡಬೇಕು. ರಕ್ಷಿತ ಸ್ಮಾರಕದ ಆವರಣದಲ್ಲಾದರೆ ಗುಂಡಿ ತೋಡುವ ಮೊದಲೇ ಪುರಾತತ್ವ ಇಲಾಖೆಯ ಒಪ್ಪಿಗೆ ಪಡೆಯಿರಿ. ಜೆಸಿಬಿ ಬೇಡ, ಗುದ್ದಲಿ ಸಾಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆಬೇರು ಹರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಕೊಳೆಸುತ್ತದೆ. ಮಿರಗದ ಮಳೆಗೆ ನೆಲ ಹದವಾದ ಮೇಲೆ ನೆಟ್ಟು, ಬುಡಕ್ಕೆ ಒಣಸೊಪ್ಪು ಹೊದಿಸಿ, ಎರಡು ಬೇಸಿಗೆಯಾದರೂ ನೀರುಣಿಸಬೇಕು.