ಪುಣೆ ನಮಗೆ ‘ಹೊರರಾಜ್ಯ’ ಆಗಿದ್ದು ಯಾವಾಗ?

ಹತ್ತನೇ ಕ್ಲಾಸಿನ ಮಕ್ಕಳಿರೋ ಪುಣೆ ಕನ್ನಡಿಗರು ಹಿಂಜೇವಾಡಿ ಕ್ಯಾಂಟೀನಿನಲ್ಲಿ ಸಿಗಲಿ, ಸಂಘದ ಕಾರ್ಯಕ್ರಮದಲ್ಲಿ ಸಿಗಲಿ, ಕೇಳೋದು ಒಂದೇ: “ಮಗಳನ್ನ ಇಲ್ಲೇ ಸರ್ಕಾರಿ ಕಾಲೇಜಿಗೆ ಹಾಕೋಣ್ವಾ, ಕರ್ನಾಟಕಕ್ಕೆ ಕಳಿಸೋಣ್ವಾ?” ಈ ಪ್ರಶ್ನೆ ನಾವು ಅಂದುಕೊಂಡಿರೋದಕ್ಕಿಂತ ಹಳೇದು.

1881ರಲ್ಲಿ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಪದವಿ ಕೊಟ್ಟಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಆಗ ಮೈಸೂರು ಸಂಸ್ಥಾನದಲ್ಲಿ ವಿಶ್ವವಿದ್ಯಾಲಯವೂ ಇರಲಿಲ್ಲ, ಎಂಜಿನಿಯರಿಂಗ್ ಕಾಲೇಜೂ ಇರಲಿಲ್ಲ. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಹಿಡಿದು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಬಂದರು, ಅಂದರೆ ಇವತ್ತಿನ ಸಿಒಇಪಿಗೆ. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ದುಡ್ಡು ಹಾಕಿದ್ದು ಮೈಸೂರು, ಎಂಜಿನಿಯರ್ ಸಿಕ್ಕಿದ್ದು ಮುಂಬಯಿಗೆ! 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ನಾವು ವೀಕೆಂಡಿಗೆ ಹೋಗೋ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಸ್ವಯಂಚಾಲಿತ ಗೇಟು ಕೂರಿಸಿದ್ದು ಇವರೇ. ಮೈಸೂರಿಗೆ ಅವರು ಚೀಫ್ ಎಂಜಿನಿಯರ್ ಆಗಿ ವಾಪಸ್ ಸಿಕ್ಕಿದ್ದು 1909ರಲ್ಲಿ, 25 ವರ್ಷ ಕಳೆದ ಮೇಲೆ. ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಆದವು. ಓದೋಕೆ ಊರು ಬಿಟ್ಟವರಿಗೇ ಊರಲ್ಲಿ ಕಾಲೇಜು ಬೇಕು ಅನ್ನೋದು ಚೆನ್ನಾಗಿ ಗೊತ್ತಿರತ್ತೆ ಅಂತ ನನ್ನ ಲೆಕ್ಕ.

ಈಗ ಧಾರವಾಡದ ಕಡೆ ನೋಡಿ. ಬೇಂದ್ರೆಯವರೂ ಪುಣೆಗೇ ಬಂದರು. ಫರ್ಗ್ಯುಸನ್ ಕಾಲೇಜು, 1918ರಲ್ಲಿ ಬಿ.ಎ. ಆದರೆ ಅವರಿಗೆ ಇದು ಹೊರರಾಜ್ಯ ಅಲ್ಲವೇ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಎಲ್ಲ ಮುಂಬಯಿ ಪ್ರಾಂತ್ಯ. ಧಾರವಾಡಕ್ಕೂ ಪುಣೆಗೂ ಮುಂಬಯಿ ವಿಶ್ವವಿದ್ಯಾಲಯ ಒಂದೇ. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದೇ 1917ರಲ್ಲಿ. ಪುಣೆ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ ಎರಡೂ ಬೇರೆ ಬೇರೆಯಾಗಿ ಹುಟ್ಟಿದ್ದು 1949ರಲ್ಲಿ. 1956ರ ನವೆಂಬರ್ 1ಕ್ಕೆ ಗಡಿ ಬಂತು. ದೂರ ಅಷ್ಟೇ, ರೈಲೂ ಅದೇ. ಧಾರವಾಡದ ಹುಡುಗ ಮಾತ್ರ ಪುಣೆಯಲ್ಲಿ ಹೊರಗಿನವನಾದ.

ನಮ್ಮ ಮಕ್ಕಳದ್ದು ಇದರ ಉಲ್ಟಾ ಕಥೆ. ಪುಣೆಯಲ್ಲೇ ಹುಟ್ಟಿ, ಹತ್ತು, ಹನ್ನೆರಡು ಎರಡನ್ನೂ ಇಲ್ಲೇ ಪಾಸಾದ ಮಗು ಎಂಜಿನಿಯರಿಂಗ್ ಸೀಟಿಗೆ ಮಹಾರಾಷ್ಟ್ರದ ಅಭ್ಯರ್ಥಿ. ಮನೇಲಿ ಕನ್ನಡ ಮಾತಾಡಿದರೂ ಅಷ್ಟೇ. ಅಂಥ ಮಗುವನ್ನ ಬರೀ ಅಭಿಮಾನಕ್ಕೆ ಬೆಂಗಳೂರಿಗೆ ಕಳಿಸಿ ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಲಕ್ಷಗಟ್ಟಲೆ ಸುರಿಯೋದು ನನಗೆ ಸರಿ ಕಾಣಲ್ಲ. ಕರ್ನಾಟಕದ ಸರ್ಕಾರಿ ಸೀಟೇ ಬೇಕು ಅಂದರೆ ತೀರ್ಮಾನ ಹನ್ನೆರಡರ ನಂತರ ಅಲ್ಲ, ಹತ್ತು ಮುಗಿದ ತಕ್ಷಣ ಆಗಬೇಕು. ಕೆಇಎ ನಿಯಮದಲ್ಲಿ ಮಾಮೂಲಿ ದಾರಿ ಅಲ್ಲಿ ಏಳು ವರ್ಷ ಓದಿರೋದು. ಇನ್ನೊಂದು ದಾರಿಯೂ ಇದೆ: ಮಗು ಎರಡು ವರ್ಷದ ಪಿಯುಸಿ ಕರ್ನಾಟಕದಲ್ಲಿ ಓದಿ ಪಾಸಾಗಿರಬೇಕು, ಅಪ್ಪ ಅಥವಾ ಅಮ್ಮ ಅಲ್ಲಿ ಕನಿಷ್ಠ ಏಳು ವರ್ಷ ಓದಿರಬೇಕು. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಂಗಳಿವೆ, ಅದಕ್ಕೆ ಕನ್ನಡ ಪರೀಕ್ಷೆ ಬರೀಬೇಕು. ಆ ವರ್ಷದ ಮಾಹಿತಿ ಪುಸ್ತಿಕೆ ಓದದೇ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ.

ಈ ದಾರಿ ಹಿಡಿಯೋರಿಗೆ ಒಂದು ಮಾತು. ನಿಮ್ಮ ಹಳೇ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕಾಗತ್ತೆ. ಈ ಸಲ ಬೇಸಿಗೆಗೆ ಊರಿಗೆ ಹೋದಾಗ ಮಾಡಿಸಿಟ್ಟುಕೊಳ್ಳಿ.