ಮಿದುಳಿನ ರಕ್ತಸ್ರಾವ: ಸ್ಕ್ಯಾನ್ ಆಧಾರಿತ ಮುನ್ನಂದಾಜಿನ ಚರಿತ್ರೆ

ಮಿದುಳಿನೊಳಗೆ ರಕ್ತನಾಳ ಒಡೆದಾಗ ರೋಗಿ ಬದುಕುಳಿಯುವ ಸಾಧ್ಯತೆಯನ್ನು ಸ್ಕ್ಯಾನ್ ಚಿತ್ರದ ನೆರವಿನಿಂದ ಅಂದಾಜಿಸುವ ವಿಧಾನ. ಮುಖ್ಯ ಸಾಧನ ಸಿ.ಟಿ. ಸ್ಕ್ಯಾನ್. ಸೋರಿದ ರಕ್ತ ಎಷ್ಟು, ಎಲ್ಲಿ ನಿಂತಿದೆ, ಮಿದುಳಿನ ಕುಹರಗಳಿಗೆ ನುಗ್ಗಿದೆಯೇ ಎಂಬುದನ್ನು ಚಿತ್ರದಲ್ಲಿ ನೋಡಿ, ರೋಗಿಯ ಪ್ರಜ್ಞೆ ಹಾಗೂ ವಯಸ್ಸಿನೊಂದಿಗೆ ಕೂಡಿಸಿ ಅಂದಾಜು ಮಾಡುತ್ತಾರೆ. ಅಧಿಕ ರಕ್ತದೊತ್ತಡ ಇಂಥ ರಕ್ತಸ್ರಾವದ ಪ್ರಮುಖ ಕಾರಣ. ತಲೆಗೆ ಪೆಟ್ಟು ಬಿದ್ದು ಆಗುವ ರಕ್ತಸ್ರಾವಕ್ಕೆ ಬೇರೆಯೇ ಅಳತೆಗಳಿವೆ.

ಹಿನ್ನೆಲೆ

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಎಕ್ಸ್-ರೇ ತಲೆಬುರುಡೆಯನ್ನು ತೋರಿಸಿತೇ ಹೊರತು ಮಿದುಳನ್ನಲ್ಲ. ಪೋರ್ಚುಗಲ್‌ನ ಎಗಾಸ್ ಮೊನಿಜ್ 1927ರಲ್ಲಿ ರಕ್ತನಾಳಗಳ ಚಿತ್ರ ತೆಗೆದರು. ಆಗಲೂ ಹೆಪ್ಪುಗಟ್ಟಿದ ರಕ್ತ ನೇರವಾಗಿ ಕಾಣಲಿಲ್ಲ. ನಾಳಗಳು ಪಕ್ಕಕ್ಕೆ ಸರಿದದ್ದನ್ನು ನೋಡಿ ವೈದ್ಯರು ಊಹಿಸಬೇಕಿತ್ತು.

ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮೋರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಸಿ.ಟಿ. ನಡೆಯಿತು. ಆ ಚಿತ್ರದಲ್ಲಿದ್ದದ್ದು ಅಡ್ಡ 80, ಉದ್ದ 80 ಚೌಕಗಳಷ್ಟೇ. ಆದರೂ ಹೊಸ ರಕ್ತ ಬೂದು ಮಿದುಳಿನ ನಡುವೆ ಬೆಳ್ಳಗೆ ಎದ್ದು ಕಾಣುವ ಕಾಲ ಅಲ್ಲಿಂದ ಶುರುವಾಯಿತು. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಜ್ಞೆಯನ್ನು ಅಳೆಯುವ ಗ್ಲಾಸ್ಗೋ ಮಾಪನ ಪ್ರಕಟಿಸಿದರು. ಅದೇ ವರ್ಷದ ಡಿಸೆಂಬರ್ 27ರಂದು ಬೆಂಗಳೂರಿನಲ್ಲಿ ಮಾನಸಿಕ ಆಸ್ಪತ್ರೆ ಹಾಗೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ನರಶಸ್ತ್ರಚಿಕಿತ್ಸಕ ಡಾ. ಆರ್.ಎಂ. ವರ್ಮ ಅದರ ಮೊದಲ ನಿರ್ದೇಶಕರು.

ಅಳತೆಯಿಂದ ಅಂಕಕ್ಕೆ

ಅಮೆರಿಕದ ಬ್ರೋಡರಿಕ್ ಮತ್ತು ಸಂಗಡಿಗರು 1993ರಲ್ಲಿ ರಕ್ತದ ಗಾತ್ರವೇ ಬಲವಾದ ಸೂಚನೆಯೆಂದು ತೋರಿಸಿದರು. 60 ಮಿ.ಲೀ. ಅಥವಾ ಹೆಚ್ಚು ರಕ್ತ ಸೋರಿ, ಗ್ಲಾಸ್ಗೋ ಅಂಕ 8 ಅಥವಾ ಕಡಿಮೆ ಇದ್ದವರಲ್ಲಿ ಶೇ. 91ರಷ್ಟು ಮಂದಿ 30 ದಿನಗಳೊಳಗೆ ತೀರಿಕೊಳ್ಳಬಹುದೆಂಬ ಅಂದಾಜು ಸಿಕ್ಕಿತು. 30 ಮಿ.ಲೀ.ಗಿಂತ ಕಡಿಮೆ ಸೋರಿ, ಅಂಕ 9 ಅಥವಾ ಹೆಚ್ಚಿದ್ದವರಲ್ಲಿ ಅದು ಶೇ. 19.

1996ರಲ್ಲಿ ಕೊಠಾರಿ ಮತ್ತು ಸಂಗಡಿಗರು ಗಾತ್ರ ಅಳೆಯುವ ಸರಳ ಲೆಕ್ಕವನ್ನು ಬಳಕೆಗೆ ತಂದರು: ಉದ್ದ, ಅಗಲ, ಎತ್ತರ ಗುಣಿಸಿ ಎರಡರಿಂದ ಭಾಗಿಸುವುದು. 5, 4, 3 ಸೆಂ.ಮೀ. ಇದ್ದರೆ 30 ಮಿ.ಲೀ. ಹೆಂಫಿಲ್ 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ 152 ರೋಗಿಗಳ ಆಧಾರದಿಂದ ಐ.ಸಿ.ಎಚ್. (ಮಿದುಳಿನೊಳಗಿನ ರಕ್ತಸ್ರಾವದ) ಅಂಕ ರೂಪಿಸಿದಾಗ ಈ 30 ಮಿ.ಲೀ.ಯೇ ಗಡಿಯಾಯಿತು. ಗಾತ್ರ, ಜಾಗ, ಕುಹರದಲ್ಲಿ ರಕ್ತ, ಪ್ರಜ್ಞೆ, 80 ಅಥವಾ ಹೆಚ್ಚಿನ ವಯಸ್ಸು ಸೇರಿ ಸೊನ್ನೆಯಿಂದ 6ರವರೆಗೆ ಅಂಕ. ಆ ಗುಂಪಿನಲ್ಲಿ ಸೊನ್ನೆ ಪಡೆದವರೆಲ್ಲ 30 ದಿನ ಬದುಕಿದ್ದರು. 3 ಪಡೆದವರಲ್ಲಿ ಶೇ. 72ರಷ್ಟು ತೀರಿಕೊಂಡರು.

ಮೊದಲ ಸ್ಕ್ಯಾನ್ ಕೊನೆಯ ಮಾತಲ್ಲವೆಂಬುದು 1997ರ ಬ್ರಾಟ್ ಅಧ್ಯಯನದಿಂದ ತಿಳಿಯಿತು. ನಾಲ್ವರಲ್ಲಿ ಒಬ್ಬರಿಗೆ ಮೊದಲ ಸ್ಕ್ಯಾನ್ ಆದ ಒಂದೇ ಗಂಟೆಯಲ್ಲಿ ರಕ್ತದ ಗಡ್ಡೆ ಹಿಗ್ಗಿತ್ತು.

ಬೆಂಗಳೂರಿನ ಹೊರವಲಯ

ಸ್ಕ್ಯಾನ್ ಎಷ್ಟು ಹತ್ತಿರದಲ್ಲಿ ಸಿಗುತ್ತದೆ ಎಂಬುದೂ ಮುಖ್ಯ; ಬೆಂಗಳೂರಿನ ಹೊರವಲಯ ಇದಕ್ಕೊಂದು ಉದಾಹರಣೆ. 1990ರಲ್ಲಿ ಆರಂಭವಾದ ವಿಪ್ರೋ ಜಿಇ ಜಂಟಿ ಸಂಸ್ಥೆ ವೈಟ್‌ಫೀಲ್ಡ್ ಪ್ರದೇಶವನ್ನು ವೈದ್ಯಕೀಯ ಯಂತ್ರಗಳ ತಯಾರಿಕೆಯ ನೆಲೆಯಾಗಿಸಿತು. ಜಿಇ ಸಂಶೋಧನಾ ಕೇಂದ್ರ 2000ದಲ್ಲಿ ಅಲ್ಲಿಯೇ ತೆರೆಯಿತು. 2001ರ ಜನವರಿ 19ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದ ಅಲ್ಲಿನ ಶ್ರೀ ಸತ್ಯಸಾಯಿ ಆಸ್ಪತ್ರೆ, ನರಶಸ್ತ್ರಚಿಕಿತ್ಸೆಯನ್ನು ಹಣ ಪಡೆಯದೆ ಒದಗಿಸತೊಡಗಿತು.

ಐಟಿ ಕಂಪನಿಗಳ ಎಲೆಕ್ಟ್ರಾನಿಕ್ ಸಿಟಿ ಇರುವ ಹೊಸೂರು ರಸ್ತೆಯಲ್ಲೇ ನಗರದ ಕಡೆಗೆ ನಿಮ್ಹಾನ್ಸ್ ಇದೆ. ಕಾರ್ಖಾನೆಗಳ ಪ್ರದೇಶವಾದ ಪೀಣ್ಯದಿಂದ ಅಲ್ಲಿಗೆ ಹೊರಟವರು ಊರನ್ನೇ ಹಾಯಬೇಕು. ಗಡ್ಡೆ ಗಂಟೆಯೊಳಗೆ ಹಿಗ್ಗಬಲ್ಲದೆಂದ ಮೇಲೆ, ಹತ್ತಿರದ ಆಸ್ಪತ್ರೆಯಲ್ಲೇ ಸಿ.ಟಿ. ಇರುವುದು ಇಲ್ಲಿನ ಕಾರ್ಮಿಕರಿಗೂ ಟೆಕಿಗಳಿಗೂ ಬದುಕಿನ ಪ್ರಶ್ನೆ.

ಅಂಕದ ಮಿತಿ

ಐ.ಸಿ.ಎಚ್. ಅಂಕ ಬಂದ 2001ರಲ್ಲೇ ಬೆಕರ್ ಮತ್ತು ಸಂಗಡಿಗರು ಎಚ್ಚರಿಕೆ ಕೊಟ್ಟರು. ಬದುಕುವುದಿಲ್ಲವೆಂದು ಚಿಕಿತ್ಸೆ ನಿಲ್ಲಿಸಿದರೆ ರೋಗಿ ಸಾಯುತ್ತಾರೆ. ಆ ಸಾವೇ ಅಂದಾಜು ಸರಿಯಿತ್ತೆಂಬುದಕ್ಕೆ ಸಾಕ್ಷಿಯಾಗಿಬಿಡುತ್ತದೆ. ಆಸ್ಪತ್ರೆ ಖರ್ಚನ್ನು ಮನೆಯವರೇ ಹೊರಬೇಕಾದ ಕಡೆ ಈ ಅಪಾಯ ಇನ್ನೂ ಹೆಚ್ಚು. ಸಾಲ ಮಾಡಿ ಐಸಿಯು ಬಾಗಿಲಲ್ಲಿ ನಿಂತವರಿಗೆ ಒಂದು ಅಂಕ ತೀರ್ಪಿನಂತೆ ಕೇಳಿಸಬಾರದು.

ಅಂಕ ಗುಂಪಿನ ಸರಾಸರಿ ಹೇಳುತ್ತದೆ, ಎದುರಿಗಿರುವ ಒಬ್ಬರ ಹಣೆಬರಹವನ್ನಲ್ಲ. ಅಮೆರಿಕದ 2022ರ ಮಾರ್ಗಸೂಚಿಯ ಪ್ರಕಾರ ಅಂಕವೊಂದನ್ನೇ ನೆಚ್ಚಿ ಚಿಕಿತ್ಸೆಗೆ ಮಿತಿ ಹಾಕಬಾರದು. ರೋಗಿ ಮೊದಲೇ ತನ್ನ ಇಚ್ಛೆ ತಿಳಿಸಿರದಿದ್ದರೆ, ಅಂಥ ನಿರ್ಧಾರವನ್ನು ಆಸ್ಪತ್ರೆ ಸೇರಿದ ಎರಡನೆಯ ಪೂರ್ಣ ದಿನದವರೆಗಾದರೂ ಮುಂದೂಡುವುದು ಉಚಿತ. ಆವರೆಗೆ ಸ್ಕ್ಯಾನಿನ ಕೆಲಸ ರಕ್ತದೊತ್ತಡ ಇಳಿಸುವ, ಶಸ್ತ್ರಚಿಕಿತ್ಸೆ ಬೇಕೇ ಎಂದು ನಿಶ್ಚಯಿಸುವ ಕೈಗಳಿಗೆ ದಾರಿ ತೋರಿಸುವುದು.