ಗಂಗೋತ್ರಿಯ ಥೆರಪಿ ಕೋಣೆಯಿಂದ ಒಂದನೇ ಕ್ಲಾಸಿನ ಬೆಂಚಿಗೆ

ಮೈಸೂರಿನ ಶ್ರೀರಾಂಪುರದಲ್ಲಿ ಆಟೊ ಹತ್ತಿದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅರ್ಧ ಗಂಟೆಯ ದಾರಿ. ಮೂರು ವರ್ಷ ತುಂಬಿದರೂ ಮಾತಾಡದ, ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗುವಿನ ತಂದೆತಾಯಿಗೆ ಇದು ಸಣ್ಣ ಅನುಕೂಲವಲ್ಲ. ಬೀದರಿನವರೋ ಕಲಬುರಗಿಯವರೋ ಆದರೆ ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದು, ಮೈಸೂರಿನಲ್ಲಿ ರೂಮು ಹಿಡಿದು, ಅಪ್ಪ ಊರಲ್ಲಿ ಅಮ್ಮ ಇಲ್ಲಿ ಎಂದು ಸಂಸಾರವನ್ನೇ ಎರಡು ಮಾಡಿಕೊಳ್ಳಬೇಕು. ಆದರೆ ಮಗುವಿಗೆ ಆರು ತುಂಬಿ ‘ಯಾವ ಸ್ಕೂಲಿಗೆ ಹಾಕೋದು’ ಎಂಬ ಪ್ರಶ್ನೆ ಬಂದ ದಿನ ಶ್ರೀರಾಂಪುರದವರೂ ಕಲಬುರಗಿಯವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಟಿಸಂ ಮತ್ತು ಕಲಿಕೆಯ ಹಿನ್ನಡೆ ಇರುವ ಮಕ್ಕಳ ವಿಚಾರದಲ್ಲಿ ಕರ್ನಾಟಕ ಆರು ದಶಕಗಳಲ್ಲಿ ಗುರುತು ಹಿಡಿಯುವುದನ್ನು ಕಲಿತಿದೆ, ತಾಯಂದಿರನ್ನು ಅರ್ಧ ವೈದ್ಯರನ್ನಾಗಿ ಮಾಡಿದೆ, ಕಾನೂನಿನ ಬೆಂಬಲವನ್ನೂ ಪಡೆದಿದೆ. ತರಗತಿ ಮಾತ್ರ ಇನ್ನೂ ಸಿದ್ಧವಾಗಿಲ್ಲ.

ಮೈಸೂರಿನ ಸಂಸ್ಥೆ ಶುರುವಾದದ್ದು 1965ರಲ್ಲಿ. ಆಗ ಅದರ ಹೆಸರು ‘ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೀಡಿಕ್ಸ್’. ಮರುವರ್ಷ ಈಗಿನ ಹೆಸರು ಬಂತು, ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಅವರಿಂದ ಶಂಕುಸ್ಥಾಪನೆಯೂ ಆಯಿತು. ಕಿವಿ ಕೇಳದವರು, ಉಗ್ಗುವವರು, ಸೀಳು ಅಂಗುಳಿನವರು, ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು ಅದರ ಮುಖ್ಯ ಕಾಳಜಿಯಾಗಿದ್ದರು. ನಿರ್ದೇಶಕರಾಗಿದ್ದ ನ. ರತ್ನ ಅವರನ್ನು ಮೈಸೂರು ರಂಗಕರ್ಮಿಯಾಗಿಯೂ ಬಲ್ಲದು. ಮಾತಿನ ಚಿಕಿತ್ಸೆಯ ಸಂಸ್ಥೆಗೆ ನಾಟಕದ ಮನುಷ್ಯ ದೊರೆತದ್ದು ಚೆಂದದ ಕಾಕತಾಳೀಯ. ಆಟಿಸಂ ಈ ಆವರಣದೊಳಕ್ಕೆ ಬಂದದ್ದು ಕಿವಿಯ ಬಾಗಿಲಿನಿಂದ. ಕರೆದರೆ ತಿರುಗದ ಮಗುವಿಗೆ ಕಿವುಡಿರಬಹುದೆಂದು ಪರೀಕ್ಷೆಗೆ ಕರೆತರುತ್ತಿದ್ದರು. ಕಿವಿ ಸರಿಯಾಗಿಯೇ ಇರುತ್ತಿತ್ತು. ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿಬರುವ ಮಗು ಅಮ್ಮನ ದನಿಗೆ ಏಕೆ ಓಗೊಡುವುದಿಲ್ಲ ಎಂಬ ಪ್ರಶ್ನೆಗೆ ಆಡಿಯೋಗ್ರಾಮ್‌ನಲ್ಲಿ ಉತ್ತರ ಸಿಗುತ್ತಿರಲಿಲ್ಲ.

ಹೊರಗಿನ ಲೋಕಕ್ಕೂ ಆ ಹೊತ್ತಿಗೆ ಹೆಚ್ಚು ತಿಳಿದಿರಲಿಲ್ಲ. ಅಮೆರಿಕದಲ್ಲಿದ್ದ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳ ವಿವರಗಳೊಂದಿಗೆ ಈ ಸ್ಥಿತಿಯನ್ನು ವಿವರಿಸಿದ್ದು 1943ರಲ್ಲಿ; ವಿಯೆನ್ನಾದ ಹ್ಯಾನ್ಸ್ ಆಸ್ಪರ್ಗರ್ ಮರುವರ್ಷ. ಅದಾದ ಮೇಲೆ ಎರಡು ದಶಕ ಈ ಕ್ಷೇತ್ರ ತಾಯಂದಿರನ್ನು ಕಟಕಟೆಯಲ್ಲಿ ನಿಲ್ಲಿಸಿತು. ಹೆತ್ತವಳ ಮಮತೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತು ಎಂಬ ವಾದವನ್ನು ಬ್ರೂನೊ ಬೆಟ್ಟಲ್‌ಹೈಮ್ ಮನೆಮಾತಾಗಿಸಿದರು. ಅದನ್ನು ಮುರಿದವರಲ್ಲಿ ಮೊದಲಿಗರು ಮನೋವಿಜ್ಞಾನಿ ಬರ್ನಾರ್ಡ್ ರಿಮ್ಲೆಂಡ್. ಸ್ವತಃ ಆಟಿಸಂ ಇರುವ ಹುಡುಗನ ಅಪ್ಪ. ಇದು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ಅವರು 1964ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಬೆಟ್ಟಲ್‌ಹೈಮರ ಹೆಸರು ನಮ್ಮ ಮನೆಗಳಿಗೆ ಬರಲಿಲ್ಲ, ಆರೋಪ ಬೇರೆ ವೇಷದಲ್ಲಿ ಇಲ್ಲೂ ಇತ್ತು: ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಕೆಲಸಕ್ಕೆ ಹೋದಳು, ಮೊಬೈಲು ಕೊಟ್ಟಳು. ಜೊತೆಗೆ ಅಜ್ಜಿಯ ಸಮಾಧಾನ: ‘ಅವರಪ್ಪನೂ ಲೇಟಾಗೇ ಮಾತಾಡಿದ್ದು, ಗಂಡು ಮಕ್ಕಳು ಹಾಗೇ.’ ಪ್ರೀತಿಯಿಂದ ಹೇಳಿದ ಈ ಒಂದು ಮಾತಿಗೆ ಎಷ್ಟೋ ಮಕ್ಕಳ ಎರಡು ಅಮೂಲ್ಯ ವರ್ಷ ಕಳೆದುಹೋಗಿವೆ.

ಬೆಂಗಳೂರಿನ ನಿಮ್ಹಾನ್ಸ್ 1974ರಲ್ಲಿ ಈಗಿನ ರೂಪ ಪಡೆಯಿತು. ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಬೆಳೆದರೂ ಊರುಕೇರಿಯ ಮಟ್ಟದಲ್ಲಿ ಬಹುಕಾಲ ಎಲ್ಲಕ್ಕೂ ‘ಬುದ್ಧಿಮಾಂದ್ಯ’ ಎಂಬ ಒಂದೇ ಚೀಟಿ. ಮಾತಾಡದ ಮಗುವೂ, ಓದಲಾಗದ ಮಗುವೂ, ನಿಧಾನವಾಗಿ ನಡೆಯಲು ಕಲಿತ ಮಗುವೂ ಒಂದೇ ವಿಶೇಷ ಶಾಲೆಯ ಒಂದೇ ಕೋಣೆಯಲ್ಲಿ ಮಣಿ ಪೋಣಿಸುತ್ತಿದ್ದವು. ಈ ಜಡತೆಯನ್ನು ಅಲ್ಲಾಡಿಸಿದವರು ಬಹುಮಟ್ಟಿಗೆ ಪೋಷಕರೇ. ಜೆ.ಪಿ. ಗಡ್ಕರಿ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಪೋಷಕರ ಸಂಘ ಕಟ್ಟಿದ್ದು, ಮುಂದೆ ಅಂಥ ಸಂಘಗಳು ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟವಾದದ್ದು, ದೆಹಲಿಯಲ್ಲಿ ಮೆರಿ ಬರುವಾ 1991ರಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಆರಂಭಿಸಿದ್ದು, ಬೆಂಗಳೂರಿನಲ್ಲಿ ಜಯಶ್ರೀ ರಮೇಶ್ 1995ರಲ್ಲಿ ‘ಆಶಾ’ ತೆರೆದದ್ದು, ಎಲ್ಲವೂ ಸರ್ಕಾರ ಕಣ್ಣುಬಿಡುವ ಮುಂಚಿನ ಮಾತು.

ಮೈಸೂರಿನ ಕಥೆಯಲ್ಲಿ ಬಿಡಲಾಗದ ಒಂದು ಹೆಸರು ಟೀಟೊ ರಾಜರ್ಷಿ ಮುಖೋಪಾಧ್ಯಾಯ. 1989ರಲ್ಲಿ ಹುಟ್ಟಿದ ಟೀಟೊ ತೀವ್ರ ಆಟಿಸಂ ಇರುವ, ಹೆಚ್ಚುಕಡಿಮೆ ಮಾತಾಡದ ಹುಡುಗ. ಬಾಲ್ಯದ ವರ್ಷಗಳು ಮೈಸೂರು, ಬೆಂಗಳೂರುಗಳಲ್ಲಿ ಕಳೆದವು. ವಾಕ್ ಶ್ರವಣ ಸಂಸ್ಥೆಯ ವಾಕ್‌ಚಿಕಿತ್ಸಾ ತಜ್ಞೆ ಪ್ರತಿಭಾ ಕಾರಂತ ಅವನ ಬೆಂಬಲಕ್ಕೆ ನಿಂತರು. ತಾಯಿ ಸೋಮಾ ಕ್ಯಾಲೆಂಡರಿನ ಅಂಕಿಗಳಿಂದ, ಅಕ್ಷರದ ಹಲಗೆಯಿಂದ ಹಿಡಿದು ಪೆನ್ಸಿಲಿನವರೆಗೆ ಮಗನನ್ನು ಒಂದೊಂದೇ ಮೆಟ್ಟಿಲು ಹತ್ತಿಸಿದರು. ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2000ದಲ್ಲಿ ಅವನ ಬರಹಗಳನ್ನು ಪುಸ್ತಕವಾಗಿ ಪ್ರಕಟಿಸಿತು, ಬಿಬಿಸಿ ಸಾಕ್ಷ್ಯಚಿತ್ರ ಮಾಡಿತು. ಮಾತು ಬಾರದ ಮಗುವಿನೊಳಗೆ ಭಾಷೆ ಇಲ್ಲವೆಂದುಕೊಂಡಿದ್ದವರ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ಇದಕ್ಕೊಂದು ಎಚ್ಚರಿಕೆಯ ಅಡಿಬರಹವೂ ಬೇಕು. ಸೋಮಾ ಮುಂದೆ ಅಮೆರಿಕದಲ್ಲಿ ‘ರ‍್ಯಾಪಿಡ್ ಪ್ರಾಂಪ್ಟಿಂಗ್’ ಎಂದು ಹರಡಿದ ವಿಧಾನವನ್ನು ಅಲ್ಲಿನ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಶಿಫಾರಸು ಮಾಡಲಾಗದೆಂದು ಹೇಳಿತು. ಮಗುವಿನ ಮಾತಾವುದು, ಹಲಗೆ ಹಿಡಿದವರ ಸುಳಿವಾವುದು ಎಂದು ಬೇರ್ಪಡಿಸಿ ತೋರಿಸಲಾಗಿಲ್ಲ ಎಂಬುದು ಆಕ್ಷೇಪ. ಟೀಟೊನ ಬರಹದ ಬೆಲೆ ಇದರಿಂದ ಕಡಿಮೆಯಾಗುವುದಿಲ್ಲ. ಒಬ್ಬ ಹುಡುಗನಿಗೆ ಒದಗಿದ್ದು ಎಲ್ಲರಿಗೂ ಒದಗುತ್ತದೆಂದು ಹಣ ಕೀಳುವವರ ಬಗ್ಗೆ ಹುಷಾರಾಗಿರಬೇಕಷ್ಟೆ.

ಪ್ರತಿಭಾ ಕಾರಂತ 2000ದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಕಾಮ್ ಡೀಲ್’ ಯೋಜನೆ ಇನ್ನೊಂದು ದಾರಿ ತೋರಿತು. ಸ್ಪೀಚ್ ಥೆರಪಿ ಒಂದು ಕಡೆ, ಆಕ್ಯುಪೇಷನಲ್ ಥೆರಪಿ ಇನ್ನೊಂದು ಕಡೆ ಎಂದು ಮಗುವನ್ನು ಹೊತ್ತು ಅಲೆಯುವ ಬದಲು, ಚಿಕ್ಕ ಗುಂಪಿನ ಮಕ್ಕಳಿಗೆ ಎಲ್ಲ ಬಗೆಯ ತಜ್ಞರೂ ಒಂದೇ ಸೂರಿನಡಿ ದಿನವೂ ಕಲಿಸುವುದು, ಶಾಲೆಗೆ ಹೋಗುವ ವಯಸ್ಸಿನೊಳಗೆ ಸಾಮಾನ್ಯ ತರಗತಿಗೆ ಅಣಿಗೊಳಿಸುವುದು ಅದರ ಗುರಿ. ತಾಯಿ ಇದರಲ್ಲಿ ಕಾಯುವ ಕುರ್ಚಿಯಲ್ಲಿ ಕೂರುವವಳಲ್ಲ. ಉತ್ತರ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ 1970ರ ದಶಕದಲ್ಲೇ ಹೆತ್ತವರನ್ನು ಸಹಚಿಕಿತ್ಸಕರೆಂದು ಕರೆದಿದ್ದರು. ನಮ್ಮಲ್ಲಿ ಅದು ಸಿದ್ಧಾಂತಕ್ಕಿಂತ ಅನಿವಾರ್ಯವಾಗಿ ಬಂತು, ವಾರಕ್ಕೆರಡು ಬಾರಿಯ ಮುಕ್ಕಾಲು ಗಂಟೆಯ ಸೆಷನ್ನಿನಿಂದ ಮಗು ಮಾತು ಕಲಿಯುವುದಿಲ್ಲವಲ್ಲ.

ಮನೆಯಲ್ಲಿ ನಡೆಯುವ ಈ ಕೆಲಸ ಹೇಗಿರುತ್ತದೆಂದು ತಿಳಿಯಲು ಒಂದು ಲೋಟ ನೀರನ್ನು ನೋಡಬೇಕು. ಅಮ್ಮ ವರ್ಷಗಟ್ಟಲೆ ‘ನೀರು ಬೇಕಾ?’ ಎಂದು ಕೇಳಿ ಕುಡಿಸಿದ್ದಾಳೆ. ಆಟಿಸಂ ಇರುವ ಎಷ್ಟೋ ಮಕ್ಕಳು ಕೇಳಿದ್ದನ್ನೇ ಮರಳಿಸುವುದರಿಂದ, ಬಾಯಾರಿದಾಗ ಮಗು ತಾನೇ ಬಂದು ‘ನೀರು ಬೇಕಾ?’ ಎನ್ನುತ್ತದೆ. ನೆಂಟರು ನಗುತ್ತಾರೆ. ಥೆರಪಿಸ್ಟ್ ಹೇಳಿಕೊಡುವುದಿಷ್ಟೆ: ಪ್ರಶ್ನೆ ಕೇಳುವುದನ್ನು ಬಿಡಿ; ಲೋಟವನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು, ಮಗು ಹೇಳಬೇಕಾದ ಮಾತನ್ನು ನೀವೇ ಹೇಳಿ, ‘ನೀರು ಬೇಕು’. ಆಮೇಲೆ ಸುಮ್ಮನೆ ಕಾಯಿರಿ. ಕಾಯುವುದೇ ಕಷ್ಟ. ತುಂಬಿದ ಮನೆಯಲ್ಲಿ ಅಷ್ಟರಲ್ಲಿ ಅಜ್ಜನೋ ಅತ್ತೆಯೋ ‘ಪಾಪ, ಕೊಡು ಮಗೂಗೆ’ ಎಂದುಬಿಡುತ್ತಾರೆ. ಗೋಡೆಗೆ ಅಂಟಿಸಿದ ಚಿತ್ರಗಳ ಪಟ್ಟಿಯೂ ಇಂಥದೇ ಸರಳ ಸಾಧನ: ಬ್ರಷ್ಷು, ಸ್ನಾನ, ಯೂನಿಫಾರಂ, ಟಿಫನ್ ಡಬ್ಬಿ, ವ್ಯಾನು. ಮುಗಿದ ಚಿತ್ರವನ್ನು ಮಗುವೇ ಕಿತ್ತು ಡಬ್ಬಿಗೆ ಹಾಕುತ್ತದೆ. ಮುಂದೇನೆಂದು ಗೊತ್ತಿದ್ದರೆ ಬೆಳಗಿನ ಕೂಗಾಟ ಎಷ್ಟೋ ಕಡಿಮೆ.

ಭಾಷೆಯ ವಿಚಾರದಲ್ಲಿ ಈ ಕ್ಷೇತ್ರ ಕೊಟ್ಟ ಒಂದು ಸಲಹೆ ಬಹಳ ನೋವು ತಂದಿತು. ‘ಮಗುವಿಗೆ ಒಂದೇ ಭಾಷೆ ಸಾಕು’ ಎಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಶಾಲೆ ಇಂಗ್ಲಿಷಿನದಾದ್ದರಿಂದ ಆ ಒಂದು ಭಾಷೆ ಇಂಗ್ಲಿಷೇ ಆಗುತ್ತಿತ್ತು. ಅಜ್ಜಿಗೆ ಬಾರದ, ಅಮ್ಮ ತಡವರಿಸುವ ಭಾಷೆಯಲ್ಲಿ ಮಾತು ಕಲಿಯುವ ಪಾಡು ಮಗುವಿನದು. ಕಳೆದ ಹದಿನೈದಿಪ್ಪತ್ತು ವರ್ಷಗಳ ಸಂಶೋಧನೆ ಎರಡು ಭಾಷೆಯ ಮನೆ ಆಟಿಸಂ ಇರುವ ಮಗುವಿನ ಮಾತನ್ನು ಹಿಂದಕ್ಕೆ ತಳ್ಳುವುದಿಲ್ಲವೆಂದು ಮತ್ತೆ ಮತ್ತೆ ತೋರಿಸಿದೆ. ಮನೆಯಲ್ಲಿ ಉರ್ದುವೋ ತಮಿಳೋ ಬೀದಿಯಲ್ಲಿ ಕನ್ನಡವೋ ಇರುವ ಮೈಸೂರಿನಂಥ ಊರಿಗೆ ಇದಕ್ಕಿಂತ ಉಪಯುಕ್ತ ಫಲಿತಾಂಶ ಬೇರೆ ಬೇಕಿಲ್ಲ.

ಕಲಿಕೆಯ ತೊಡಕಿನ ಅಧ್ಯಯನಕ್ಕಂತೂ ಕನ್ನಡ ತನ್ನದೇ ಕೊಡುಗೆ ಕೊಟ್ಟಿದೆ. ಇಂಗ್ಲಿಷ್ ಮಗು ಇಪ್ಪತ್ತಾರು ಅಕ್ಷರ ಕಲಿತು ಕಾಗುಣಿತದ ಗೊಂದಲಕ್ಕೆ ಬೀಳುತ್ತದೆ. ಕನ್ನಡದ ಮಗುವಿಗೆ ಬರೆದಂತೆ ಓದುವ ಸುಖ ಇದೆ, ಆದರೆ ಗುಣಿತ, ಒತ್ತು ಎಲ್ಲ ಸೇರಿ ಗುರುತಿಡಬೇಕಾದ ರೂಪಗಳು ನೂರಾರು. ಪ, ಷ, ವ, ಮ ಒಂದರ ಪಕ್ಕ ಒಂದು ಬರೆದು ನೋಡಿದರೆ ಕಷ್ಟ ತಿಳಿಯುತ್ತದೆ. ‘ಅಕ್ಕ’ ಎಂಬಲ್ಲಿ ಎರಡನೆಯ ಕ ಸಾಲು ಬಿಟ್ಟು ಕೆಳಗಿಳಿದು ಬೇರೆಯೇ ಆಕಾರ ತಾಳುತ್ತದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನಕ್ಕಾಗಿ ಜಿ. ಪುರುಷೋತ್ತಮ ಕನ್ನಡ ಓದನ್ನು ಅಳೆಯುವ ಚೌಕಟ್ಟು ರೂಪಿಸಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡದ ಅಕ್ಷರಮಾಲೆಯ ಮೇಲೆ ಹಿಡಿತ ಬರಲು ಮಕ್ಕಳಿಗೆ ಇಂಗ್ಲಿಷಿನವರಿಗಿಂತ ಹೆಚ್ಚು ವರ್ಷ ಬೇಕೆಂದು ತೋರಿಸಿತು. ಅಂದರೆ ಎರಡನೇ ಕ್ಲಾಸಿನಲ್ಲಿ ಒತ್ತಕ್ಷರ ಬಿಡುವ ಪ್ರತಿ ಮಗುವಿಗೂ ‘ಡಿಸ್ಲೆಕ್ಸಿಯಾ’ ಅಲ್ಲ. ಐದನೆಯಲ್ಲೂ ಬಿಡುತ್ತಿದ್ದರೆ ‘ಸೋಮಾರಿ’ ಎಂದು ಬೈಯುವುದೂ ಸಲ್ಲ.

ಕಾನೂನು ನಿಧಾನವಾಗಿ ಹಿಂದೆ ಬಂತು. 1995ರ ಅಂಗವಿಕಲರ ಕಾಯ್ದೆ ಹೆಸರಿಸಿದ ಏಳು ಬಗೆಯಲ್ಲಿ ಆಟಿಸಂ ಇರಲೇ ಇಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಸೇರಿಸಿಕೊಂಡಿತು. ಅದರಡಿಯ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ, ಥೆರಪಿ ವೆಚ್ಚ ಭರಿಸುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಏರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆ ಎರಡನ್ನೂ ಒಳಗೊಂಡಿತು. ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಆಟಿಸಂ ಮಾಪಕದಲ್ಲಿ ನಲವತ್ತು ಅಂಶಗಳು, ಒಂದೊಂದಕ್ಕೂ ಒಂದರಿಂದ ಐದು ಅಂಕ. ಒಟ್ಟು 70 ಮುಟ್ಟಿದರೆ ಆಟಿಸಂ, 153 ಮೀರಿದರೆ ತೀವ್ರ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಾದ ತಿದ್ದುಪಡಿ ಈ ಮಕ್ಕಳನ್ನು ಅವಕಾಶವಂಚಿತರ ಗುಂಪಿಗೆ ಸೇರಿಸಿ ಖಾಸಗಿ ಶಾಲೆಯ ಶೇ 25ರ ಸೀಟಿನ ಬಾಗಿಲು ತೆರೆಯಿತು. ಕರ್ನಾಟಕ 2019–20ರಿಂದ ನಿಯಮ ಬದಲಿಸಿತು. ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರ ಇದ್ದ ಕಡೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಶ್ರೀರಾಂಪುರದಂಥ ನಗರದಂಚಿನ ಬಡಾವಣೆಯಲ್ಲಿ ಶಾಲೆ ಇಲ್ಲದ ‘ನೆರೆಹೊರೆ’ ಎಲ್ಲಿ ಸಿಗಬೇಕು?

2018ರಲ್ಲಿ ಪ್ರಕಟವಾದ, ದೇಶದ ಐದು ಕಡೆ ನಡೆದ ಸಮೀಕ್ಷೆಯ ಪ್ರಕಾರ ಎರಡರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಆಟಿಸಂ ಪ್ರಮಾಣ ನೂರಕ್ಕೆ ಒಬ್ಬರ ಆಸುಪಾಸು. ಸಾವಿರ ಮಕ್ಕಳ ಶಾಲೆಯಲ್ಲಿ ಹತ್ತು ಮಂದಿ ಇರಲೇಬೇಕು. ಇಲ್ಲವೆಂದರೆ ಅವರು ಮನೆಯಲ್ಲಿದ್ದಾರೆ, ಇಲ್ಲವೇ ಹಿಂದಿನ ಬೆಂಚಿನಲ್ಲಿ ಗುರುತಿಲ್ಲದೆ ಕೂತಿದ್ದಾರೆ. ಶಾಲೆಗಳು ‘ಸೇರಿಸಿಕೊಳ್ಳುವುದಿಲ್ಲ’ ಎನ್ನುವುದಿಲ್ಲ, ಅದು ಕಾನೂನಿಗೆ ವಿರುದ್ಧ. ‘ನಮ್ಮಲ್ಲಿ ಸೌಲಭ್ಯ ಇಲ್ಲಮ್ಮ, ಮಗುವಿಗೇ ತೊಂದರೆ’ ಎನ್ನುತ್ತವೆ. ಕೆಲವು ಕಡೆ ‘ಶ್ಯಾಡೋ ಟೀಚರ್’ ಒಬ್ಬರನ್ನು ಪೋಷಕರೇ ಸಂಬಳ ಕೊಟ್ಟು ತರಬೇಕೆಂಬ ಷರತ್ತು. ಎಷ್ಟೋ ತಾಯಂದಿರು ಕೆಲಸ ಬಿಟ್ಟು ತಾವೇ ಆ ನೆರಳಾಗಿ ತರಗತಿಯಲ್ಲಿ ಕೂರುತ್ತಾರೆ.

ಟೀಚರನ್ನು ದೂರುವುದು ಸುಲಭ. ನಲವತ್ತು ಮಕ್ಕಳ ನಡುವೆ ಒಬ್ಬ ಹುಡುಗ ಫ್ಯಾನಿನ ಸದ್ದಿಗೆ ಕಿವಿ ಮುಚ್ಚಿ ಚೀರಿದರೆ ಏನು ಮಾಡಬೇಕೆಂದು ಆಕೆಗೆ ಯಾರೂ ಕಲಿಸಿಲ್ಲ. ಮಾನಸಗಂಗೋತ್ರಿಯಲ್ಲಿ 1963ರಿಂದ ಶಿಕ್ಷಕರನ್ನು ತಯಾರಿಸುತ್ತ ಬಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, ಅದರ ನೆರೆಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ದೇಶದಲ್ಲಿ ಇಂಥ ಜೋಡಿ ಅಪರೂಪ. ಆದರೂ ಶಿಕ್ಷಕರ ತರಬೇತಿ, ಥೆರಪಿಸ್ಟರ ತರಬೇತಿ ಎರಡೂ ಬೇರೆ ಬೇರೆ ಇಲಾಖೆಗಳ ಕೂಸುಗಳಾಗಿ ಬೆಳೆದವು. ಬಿ.ಇಡಿ. ಪಠ್ಯದಲ್ಲಿ ಸಮನ್ವಯ ಶಿಕ್ಷಣದ ಪತ್ರಿಕೆ ಕಡ್ಡಾಯವಾಗಿ ಬಂದದ್ದು 2014ರ ಮರುರಚನೆಯ ನಂತರ. ವಿಶೇಷ ಶಿಕ್ಷಕರ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅಳತೆ ಹಾಕಿಕೊಟ್ಟಿತು: ಪ್ರಾಥಮಿಕದಲ್ಲಿ ವಿಶೇಷ ಅಗತ್ಯದ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲೆ ಹದಿನೈದಕ್ಕೆ ಒಬ್ಬರು. ರಾಜ್ಯಗಳು ಮಿಸುಕಲಿಲ್ಲ, 2025ರಲ್ಲಿ ಕೋರ್ಟು ಹುದ್ದೆಗಳನ್ನು ಅಧಿಸೂಚಿಸಿ ಭರ್ತಿ ಮಾಡಿ ಎಂದು ಮತ್ತೆ ಹೇಳಬೇಕಾಯಿತು. ಅಲ್ಲಿಯವರೆಗೆ ಹೋಬಳಿಗಟ್ಟಲೆ ಶಾಲೆ ಸುತ್ತುವ ಸಂಪನ್ಮೂಲ ಶಿಕ್ಷಕರೇ ಗತಿ.

ಹೈಸ್ಕೂಲಿನ ಹೊತ್ತಿಗೆ ದಾರಿ ಕವಲಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಭಾಷಾ ವಿಷಯದಲ್ಲಿ ವಿನಾಯಿತಿ ಕೇಳಬಹುದು; ಅರ್ಜಿ, ಪ್ರಮಾಣಪತ್ರಗಳನ್ನು ವರ್ಷದ ಆರಂಭದಲ್ಲೇ ಓಡಾಡಿ ಒಟ್ಟುಮಾಡಬೇಕು. ಅನೇಕರು ರಾಷ್ಟ್ರೀಯ ಮುಕ್ತ ಶಾಲೆಯನ್ನು ಹಿಡಿಯುತ್ತಾರೆ. ಐದು ವಿಷಯ ಸಾಕು, ಗಣಿತ ಬೇಡವಾದರೆ ಚಿತ್ರಕಲೆ ತೆಗೆದುಕೊಳ್ಳಬಹುದು, ಒಂದೊಂದಾಗಿ ಬರೆದು ಪಾಸಾಗಬಹುದು. ಮುಂದಿನದು ಹದಿನೆಂಟರ ಗಡಿ. ಮಗ ಕಾನೂನಿನ ಕಣ್ಣಿಗೆ ವಯಸ್ಕನಾದ ದಿನ ಅವನ ಬ್ಯಾಂಕ್ ಪಾಸ್‌ಬುಕ್ಕಿಗೆ ಅಮ್ಮ ಸಹಿ ಮಾಡುವಂತಿಲ್ಲ. ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಯ ಮುಂದೆ ಪೋಷಕತ್ವಕ್ಕೆ ಅರ್ಜಿ ಹಾಕಬೇಕು. ಸರ್ಕಾರಿ ಕೆಲಸದಲ್ಲಿ 2016ರ ಕಾಯ್ದೆ ಇಟ್ಟ ಶೇ 4ರ ಮೀಸಲಿನಲ್ಲಿ ಶೇ 1 ಇವರದು, ಅದನ್ನೂ ಆಟಿಸಂ, ಬೌದ್ಧಿಕ ನ್ಯೂನತೆ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ನ್ಯೂನತೆಯವರೆಲ್ಲ ಹಂಚಿಕೊಳ್ಳಬೇಕು. 1990ರ ದಶಕದಲ್ಲಿ ಗಂಗೋತ್ರಿಯ ಥೆರಪಿ ಕೋಣೆಯಲ್ಲಿ ಮೊದಲ ಮಾತು ಕಲಿತ ಮಕ್ಕಳಿಗೆ ಈಗ ಮೂವತ್ತು ದಾಟಿದೆ, ಅವರನ್ನು ಕರೆದುಕೊಂಡು ಓಡಾಡಿದ ತಾಯಂದಿರು ಅರವತ್ತರ ಆಸುಪಾಸಿನಲ್ಲಿದ್ದಾರೆ.